ಬೂಷ್ಟಿನ ವಿಷ ಇರೋ ಫೀಡು, ಹಾಲು ಬಿಟ್ಟ ಹಂದಿಮರಿ ಕರುಳು: ಏನಾಗುತ್ತೆ, ಏನು ಮಾಡ್ಬೇಕು

ಹಾಲು ಬಿಡಿಸಿ ನಾಲ್ಕೈದು ದಿನ ಆಗಿರುತ್ತೆ, ನಿನ್ನೆವರೆಗೂ ಮರಿಗಳು ಚೆನ್ನಾಗೇ ಓಡಾಡ್ಕೊಂಡಿದ್ವು, ಇವತ್ತು ಬೆಳಿಗ್ಗೆ ನೋಡಿದ್ರೆ ನಾಲ್ಕು ಮರಿಗಳ ಹಿಂಭಾಗ ಒದ್ದೆ, ಫೀಡರ್‌ನಲ್ಲಿ ನಿನ್ನೆ ಹಾಕಿದ್ದು ಅರ್ಧ ಹಾಗೇ ಉಳಿದಿದೆ. ಇಂಥ ಹೊತ್ತಲ್ಲಿ ಕೈ ಮೊದಲು ಹೋಗೋದು ಆಂಟಿಬಯೋಟಿಕ್ ಕಡೆಗೇ. ನಾನೂ ಬಹಳ ದಿನ ಹಾಗೇ ಮಾಡ್ತಿದ್ದೆ. ಔಷಧಿ ಕೊಟ್ಟಾಗ ಭೇದಿ ನಿಲ್ಲೋದು, ಕೋರ್ಸ್ ಮುಗಿದು ಮೂರು ದಿನಕ್ಕೆ ಮತ್ತೆ ಶುರುವಾಗೋದು, ಮುಂದಿನ ಬ್ಯಾಚಲ್ಲೂ ಅದೇ ಕಥೆ. ಕೊನೆಗೆ ಒಬ್ರು ಡಾಕ್ಟರ್ ಬಂದು ಮರಿ ನೋಡೋದಕ್ಕಿಂತ ಮುಂಚೆ ಫೀಡ್ ಮೂಟೆಗೆ ಕೈ ಹಾಕಿ ಮೂಸಿ ನೋಡಿದ್ರು, ಆವತ್ತಿಂದ ನಾನು ಈ ವಿಷಯನ ಸೀರಿಯಸ್ಸಾಗಿ ತಗೊಂಡಿದ್ದು.

ಹಾಲು ಬಿಟ್ಟ ಮರಿಗಳಲ್ಲಿ ಭೇದಿ ಪದೇ ಪದೇ ಬರ್ತಿದ್ರೆ ಬ್ಯಾಕ್ಟೀರಿಯಾನ ಮಾತ್ರ ಹುಡುಕ್ಬೇಡಿ, ಆ ಬ್ಯಾಕ್ಟೀರಿಯಾಗೆ ಬಾಗಿಲು ತೆಗೆದುಕೊಟ್ಟಿದ್ದು ಯಾರು ಅಂತಾನೂ ನೋಡಿ. ಎಷ್ಟೋ ಸಲ ಅದು ಫೀಡಲ್ಲಿರೋ ಬೂಷ್ಟಿನ ವಿಷ, ಅಂದ್ರೆ ಮೈಕೋಟಾಕ್ಸಿನ್. ಅದನ್ನ ಹೇಗೆ ಪತ್ತೆ ಮಾಡೋದು, ಹೇಗೆ ತಡೆಯೋದು, ಆಗೋದು ಆಗೋಗಿದ್ರೆ ಮರಿ ಕರುಳನ್ನ ಹೇಗೆ ಮತ್ತೆ ದಾರಿಗೆ ತರೋದು, ನಂಗೆ ಗೊತ್ತಿರೋಷ್ಟು ಬರೀತಿದೀನಿ.

ಮೊದಲು ಕರುಳಿನೊಳಗೆ ಏನಾಗುತ್ತೆ ಅಂತ ತಿಳ್ಕೊಳ್ಳಿ

ಇದು ಗೊತ್ತಿಲ್ದೆ ಮುಂದಿನದು ಮಾಡಿದ್ರೆ ಕುರುಡಾಗಿ ಮಾಡಿದ ಹಾಗೆ, ಅದಕ್ಕೇ ಸ್ವಲ್ಪ ತಾಳ್ಮೆಯಿಂದ ಓದಿ.

ತಾಯಿ ಹಾಲು ಕುಡಿಯೋವಾಗ ಮರಿ ಹೊಟ್ಟೆಯಲ್ಲಿ ಹಾಲಿನ ಸಕ್ಕರೆ ತಿಂದು ಬದುಕೋ ಲ್ಯಾಕ್ಟೋಬ್ಯಾಸಿಲಸ್ ತರದ ಒಳ್ಳೆ ಬ್ಯಾಕ್ಟೀರಿಯಾ ಜೋರಾಗಿರುತ್ತೆ. ಅವು ಲ್ಯಾಕ್ಟಿಕ್ ಆಸಿಡ್ ಬಿಡೋದ್ರಿಂದ ಹೊಟ್ಟೆ ಹುಳಿಯಾಗಿ ಇರುತ್ತೆ, ಇ. ಕೋಲೈ ತರದ ಭೇದಿ ತರೋ ಬ್ಯಾಕ್ಟೀರಿಯಾ ತಲೆ ಎತ್ತೋದು ಕಷ್ಟ. ಮೂರು ನಾಲ್ಕು ವಾರಕ್ಕೆ ಹಾಲು ಬಿಡಿಸಿದ ತಕ್ಷಣ ಎಲ್ಲಾ ತಲೆಕೆಳಗಾಗುತ್ತೆ. ಹಾಲಿಲ್ಲ, ತಾಯಿಯಿಂದ ಬರ್ತಿದ್ದ ಆಂಟಿಬಾಡಿ ಇಲ್ಲ, ಮರಿ ಒಂದೆರಡು ದಿನ ಸರಿಯಾಗಿ ತಿನ್ನೋದೇ ಇಲ್ಲ, ಕರುಳಿನ ಒಳಗೋಡೆ ಮೇಲೆ ಬೆರಳಿನ ತರ ಚಾಚಿಕೊಂಡಿರೋ ವಿಲ್ಲೈಗಳು ಸವೆದು ಗಿಡ್ಡ ಆಗ್ತವೆ, ಮರಿಯ ಸ್ವಂತ ಆಸಿಡ್ ಇನ್ನೂ ಸಾಲದು ಅಂತ ಹೊಟ್ಟೆಯ ಹುಳಿನೂ ಕಮ್ಮಿ ಆಗುತ್ತೆ. ಏನೂ ವಿಷ ಇಲ್ದೇನೇ ಇದಿಷ್ಟು ಆಗುತ್ತೆ. ಇದರ ಮೇಲೆ ಬೂಷ್ಟಿನ ವಿಷ ಬಂದ್ರೆ ಬಿದ್ದವನ ಮೇಲೆ ಇನ್ನೊಂದು ಏಟು.

ಹಂದಿಗೆ ಬಹಳ ಕಾಟ ಕೊಡೋ ವಿಷ ಅಂದ್ರೆ ಡಾನ್, ಪೂರ್ತಿ ಹೆಸರು ಡಿಆಕ್ಸಿನಿವಾಲೆನಾಲ್, ವಾಂತಿ ಬರ್ಸೋದ್ರಿಂದ ವಾಮಿಟಾಕ್ಸಿನ್ ಅಂತಾನೂ ಕರೀತಾರೆ. ಗೋಧಿ, ಮೆಕ್ಕೆಜೋಳ, ಬಾರ್ಲಿ ತೆನೆ ಹೊಲದಲ್ಲಿರೋವಾಗ್ಲೇ ಹತ್ತೋ ಫ್ಯುಸೇರಿಯಂ ಅನ್ನೋ ಬೂಷ್ಟು ಇದನ್ನ ಮಾಡುತ್ತೆ. ಇದು ಜೀವಕೋಶದೊಳಗೆ ಪ್ರೋಟೀನ್ ತಯಾರಾಗೋ ಜಾಗಕ್ಕೆ, ಅಂದ್ರೆ ರೈಬೋಸೋಮಿಗೆ ಅಂಟ್ಕೊಂಡು ಕೆಲಸ ನಿಲ್ಲಿಸಿಬಿಡುತ್ತೆ. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಪೂರ್ತಿ ಹೊಸದಾಗೋ ಜಾಗ, ಹೊಸ ಕೋಶ ಹುಟ್ತಾನೇ ಇರ್ಬೇಕು, ಅಂಥ ಕಡೆ ಪ್ರೋಟೀನ್ ತಯಾರಿ ನಿಂತ್ರೆ ಮೊದಲ ಪೆಟ್ಟು ಅಲ್ಲಿಗೇ ಬೀಳೋದು. ಕೋಶ ಕೋಶದ ಮಧ್ಯೆ ಸಿಮೆಂಟಿನ ತರ ಕೂತಿರೋ ಕ್ಲಾಡಿನ್ ಅನ್ನೋ ಪ್ರೋಟೀನ್‌ಗಳು ಕಮ್ಮಿಯಾಗಿ ಗೋಡೆಯಲ್ಲಿ ಸಂದು ಬೀಳುತ್ತೆ. ಲೋಳೆ ಪದರನೂ ತೆಳುವಾಗುತ್ತೆ. ಆಮೇಲೆ ಕರುಳಲ್ಲೇ ಇರ್ಬೇಕಾದ ಬ್ಯಾಕ್ಟೀರಿಯಾ, ಅದರ ಕಸ ಎಲ್ಲಾ ಒಳಗೆ ಸೋರೋಕೆ ಶುರು.

ಎರಡನೇದು ಫ್ಯುಮೋನಿಸಿನ್, ಮೆಕ್ಕೆಜೋಳದಲ್ಲಿ ಜಾಸ್ತಿ. 1988ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪತ್ತೆಯಾಗಿದ್ದು. ಇದು ಜೀವಕೋಶದ ಪೊರೆಗೆ ಬೇಕಾದ ಕೊಬ್ಬಿನ ತಯಾರಿಯನ್ನ ಕೆಡಿಸುತ್ತೆ. ಡೋಸ್ ಜಾಸ್ತಿ ಆದ್ರೆ ಹಂದಿ ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತೆ, ಅದು ಎಲ್ಲರಿಗೂ ಕಾಣೋ ರೋಗ. ಕಮ್ಮಿ ಡೋಸಲ್ಲಿ ಏನು ಮಾಡುತ್ತೆ ಅಂತ ಫ್ರಾನ್ಸ್‌ನ ವಿಜ್ಞಾನಿಗಳು 2003ರಲ್ಲಿ ತೋರಿಸಿದ್ರು: ಮರಿ ತೂಕದ ಪ್ರತಿ ಕೆಜಿಗೆ ದಿನಕ್ಕೆ ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ ಆರು ದಿನ ಫ್ಯುಮೋನಿಸಿನ್ ಕೊಟ್ಟು ಆಮೇಲೆ ರೋಗ ತರೋ ಇ. ಕೋಲೈ ಕುಡಿಸಿದ್ರು, ವಿಷ ತಿಂದ ಮರಿಗಳ ಕರುಳಲ್ಲಿ ಆ ಇ. ಕೋಲೈ ಬೇರೆ ಮರಿಗಳಿಗಿಂತ ಜಾಸ್ತಿ ನೆಲೆ ಊರಿತ್ತು, ಅಷ್ಟೇ ಅಲ್ಲ ಶ್ವಾಸಕೋಶದವರೆಗೂ ಹೋಗಿತ್ತು. ಬಾಗಿಲು ತೆಗೆದುಕೊಡೋದು ಅಂದಿದ್ದು ಇದಕ್ಕೇ.

ಡಾನ್ ಜೊತೆ ಸಾಲ್ಮೊನೆಲ್ಲಾ ಅನ್ನೋ ಇನ್ನೊಂದು ರೋಗ ತರೋ ಬ್ಯಾಕ್ಟೀರಿಯಾದ ಕಥೆನೂ ಹೀಗೇ, ಕರುಳಿನ ಕೋಶದೊಳಗೆ ನುಗ್ಗೋದು ಅದಕ್ಕೆ ಸುಲಭ ಆಗುತ್ತೆ.

ಇನ್ನು ಒಳ್ಳೆ ಬ್ಯಾಕ್ಟೀರಿಯಾ ಕಮ್ಮಿ ಆಗಿ ಕೆಟ್ಟದ್ದು ಜಾಸ್ತಿ ಆಗುತ್ತೆ ಅಂತ ಎಲ್ಲಾ ಕಡೆ ಸಲೀಸಾಗಿ ಹೇಳ್ತಾರೆ, ಆದ್ರೆ ಪ್ರಯೋಗಗಳಲ್ಲಿ ಎಲ್ಲಾ ಸಲನೂ ಒಂದೇ ತರ ಬಂದಿಲ್ಲ. ಕೆಲವದ್ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಸಿದಿದೆ, ಕೆಲವದ್ರಲ್ಲಿ ಏರಿದೆ, ವಿಷ ಯಾವುದು, ಎಷ್ಟು, ಎಷ್ಟು ದಿನ, ಮರಿ ವಯಸ್ಸು ಎಷ್ಟು ಅನ್ನೋದರ ಮೇಲೆ ಹೋಗುತ್ತೆ. ಆದ್ರೆ ಬ್ಯಾಕ್ಟೀರಿಯಾಗಳ ಸಮತೋಲ ಅಲ್ಲಾಡುತ್ತೆ ಅನ್ನೋದ್ರಲ್ಲಿ ಅನುಮಾನ ಇಲ್ಲ. ಅಲ್ಲಾಡೋಕೆ ಕಾರಣನೂ ಸರಳ, ವಿಷದಿಂದ ಮರಿ ಕಮ್ಮಿ ತಿನ್ನುತ್ತೆ, ತಿಂದಿದ್ದೂ ಸರಿಯಾಗಿ ಜೀರ್ಣ ಆಗಲ್ಲ, ಜೀರ್ಣ ಆಗದ ಪ್ರೋಟೀನು ದೊಡ್ಡ ಕರುಳಿಗೆ ಇಳಿಯುತ್ತೆ, ಅಲ್ಲಿ ಅದನ್ನ ಕೊಳೆಸಿ ತಿನ್ನೋ ಬ್ಯಾಕ್ಟೀರಿಯಾಗಳಿಗೆ ಊಟ ಸಿಕ್ಕಿ ಅಮೋನಿಯಾ ಗಿಮೋನಿಯಾ ಜಾಸ್ತಿ ಆಗುತ್ತೆ, ನಾರು ತಿಂದು ಬ್ಯುಟಿರೇಟ್ ಮಾಡಿ ಕರುಳಿನ ಗೋಡೆಗೆ ಶಕ್ತಿ ಕೊಡ್ತಿದ್ದ ಒಳ್ಳೇವು ಹಿಂದೆ ಬೀಳ್ತವೆ.

ಇನ್ನೊಂದು ಮಾತು. ಕರುಳಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಡಾನ್ ಅನ್ನ ಒಡೆದು ವಿಷ ತೆಗೆಯೋ ಶಕ್ತಿ ಇದೆ. ಹಸುಗಳಿಗೆ ಡಾನ್ ಅಷ್ಟಾಗಿ ತಟ್ಟದೇ ಇರೋಕೆ ಇದೇ ಕಾರಣ, ಅವುಗಳ ಮೊದಲ ಹೊಟ್ಟೆಯಲ್ಲೇ ಬ್ಯಾಕ್ಟೀರಿಯಾ ಕೆಲಸ ಮುಗಿಸಿಬಿಡ್ತವೆ. ಹಂದಿಯಲ್ಲಿ ಆ ಬ್ಯಾಕ್ಟೀರಿಯಾ ಇದ್ರೂ ಇರೋದು ದೊಡ್ಡ ಕರುಳಲ್ಲಿ, ಡಾನ್ ಆಗ್ಲೇ ಸಣ್ಣ ಕರುಳಿನ ಮೇಲ್ಭಾಗದಲ್ಲೇ ರಕ್ತಕ್ಕೆ ಸೇರಿರುತ್ತೆ, ತಿಂದ ಅರ್ಧ ಗಂಟೆಯೊಳಗೆ ರಕ್ತದಲ್ಲಿ ಕಾಣುತ್ತೆ. ಹಾಗಾಗಿ ಹಸುಗೆ ಸಿಗೋ ರಕ್ಷಣೆ ಹಂದಿಗೆ ಸಿಗಲ್ಲ. ಇದಕ್ಕೆ ಉಲ್ಟಾ ಇನ್ನೊಂದಿದೆ, ಕಾಳಿನ ಗಿಡನೇ ಡಾನ್‌ಗೆ ಸಕ್ಕರೆ ಅಂಟಿಸಿ ಮುಚ್ಚಿಟ್ಟಿರುತ್ತೆ, ಸಾಮಾನ್ಯ ಟೆಸ್ಟಲ್ಲಿ ಅದು ಸರಿಯಾಗಿ ಸಿಗದೇ ಹೋಗ್ಬಹುದು, ಕರುಳಿನ ಬ್ಯಾಕ್ಟೀರಿಯಾ ಆ ಸಕ್ಕರೆ ಕಿತ್ತು ವಿಷನ ಮತ್ತೆ ಹೊರಗೆ ಬಿಡ್ತವೆ. ಟೆಸ್ಟ್ ರಿಪೋರ್ಟಲ್ಲಿ ಬಂದ ಅಂಕಿನ ಕನಿಷ್ಠ ಅಂತ ತಿಳ್ಕೊಳ್ಳಿ ಅಂತ ನಾನು ಹೇಳೋದು ಇದಕ್ಕೆ.

ಮರಿಗಳನ್ನ ನೋಡಿ ಗುರುತಿಸೋದು

ವಿಷ ಜಾಸ್ತಿ ಇದ್ರೆ ಗುರುತಿಸೋದು ಕಷ್ಟ ಇಲ್ಲ. ಫೀಡ್ ಹತ್ರ ಬಂದು ಮೂಸಿ ವಾಪಸ್ ಹೋಗೋದು, ತಿಂದು ವಾಂತಿ ಮಾಡೋದು ಡಾನ್. ತೀರಾ ಚಿಕ್ಕ ಹೆಣ್ಣು ಮರಿಗಳ ಯೋನಿ ಕೆಂಪಾಗಿ ಊದಿಕೊಂಡಿದ್ರೆ ಝಿಯರಲೆನೋನ್, ಇದು ಹೆಣ್ಣು ಹಾರ್ಮೋನಿನ ತರ ಕೆಲಸ ಮಾಡೋ ವಿಷ, ಡಾನ್ ಮಾಡೋ ಬೂಷ್ಟೇ ಇದನ್ನೂ ಮಾಡುತ್ತೆ, ಹಾಗಾಗಿ ಇದು ಕಂಡ್ರೆ ಡಾನ್ ಕೂಡ ಇರೋ ಸಾಧ್ಯತೆ ಜಾಸ್ತಿ. ಜಾಸ್ತಿ ನೀರು ಕುಡಿದು ಜಾಸ್ತಿ ಉಚ್ಚೆ ಹೊಯ್ತಿದ್ರೆ ಕಿಡ್ನಿ ಕೆಡಿಸೋ ಆಕ್ರಾಟಾಕ್ಸಿನ್ ಅನುಮಾನ. ಬಾಯಿ, ಮೂತಿ ಸುತ್ತ ಹುಣ್ಣು ಇದ್ರೆ ಟಿ-2 ಅನ್ನೋ ಇನ್ನೊಂದು ಬೂಷ್ಟಿನ ವಿಷ. ಕೂದಲು ಒರಟಾಗಿ, ಬೆಳವಣಿಗೆ ನಿಂತು, ಚರ್ಮ ಹಳದಿ ಆದ್ರೆ ಅಫ್ಲಾಟಾಕ್ಸಿನ್, ಅದು ಲಿವರ್‌ಗೆ ಹೊಡೆಯೋದು.

ಆದ್ರೆ ಕರುಳಿನ ವಿಷಯದಲ್ಲಿ ಜಾಸ್ತಿ ತೊಂದರೆ ಕೊಡೋದು ಈ ತರ ಎದ್ದು ಕಾಣೋ ಮಟ್ಟ ಅಲ್ಲ, ಅದಕ್ಕಿಂತ ಕೆಳಗಿರೋದು. ಆಗ ಕಾಣೋದು ಇಷ್ಟೇ: ಒಂದೇ ವಯಸ್ಸಿನ ಮರಿಗಳಲ್ಲಿ ದೊಡ್ಡದು ಚಿಕ್ಕದು ಅಂತ ಅಂತರ ಜಾಸ್ತಿ ಆಗ್ತಾ ಹೋಗೋದು, ಸಗಣಿ ಗಟ್ಟಿನೂ ಅಲ್ಲ ನೀರೂ ಅಲ್ಲ ಅನ್ನೋ ತರ ವಾರಗಟ್ಟಲೆ ಇರೋದು, ಔಷಧಿಗೆ ನಿಂತು ಮತ್ತೆ ಬರೋದು, ಲಸಿಕೆ ಹಾಕಿದ್ರೂ ರೋಗ ಬರೋದು. ಇದನ್ನ ಹಿಡಿಯೋಕೆ ನನಗೆ ಗೊತ್ತಿರೋ ಒಂದೇ ದಾರಿ ದಿನಾ ಎಷ್ಟು ಫೀಡ್ ಹಾಕಿದ್ರಿ, ಎಷ್ಟು ಉಳೀತು ಅಂತ ಒಂದೊಂದು ಅಂಕಣದ್ದೂ (ಮರಿಗಳನ್ನ ಕೂಡಿಹಾಕೋ ಕೋಣೆ) ಬರೆದಿಡೋದು. ನೆನಪಲ್ಲಿ ಇಟ್ಕೋತೀನಿ ಅಂದ್ರೆ ಆಗಲ್ಲ. ಹೊಸ ಲೋಡ್ ಫೀಡ್ ಶುರು ಮಾಡಿದ ತಾರೀಖು ಅದರ ಪಕ್ಕದಲ್ಲೇ ಬರೀರಿ, ತಿನ್ನೋದು ಕಮ್ಮಿಯಾದ ದಿನ ಮತ್ತೆ ಲೋಡ್ ಬದಲಾದ ದಿನ ಹತ್ರ ಹತ್ರ ಬಂದ್ರೆ ಅದೇ ಉತ್ತರ.

ಒಂದು ಎಚ್ಚರಿಕೆ ಇದೆ. ಭೇದಿ ಅಂದ ತಕ್ಷಣ ಬೂಷ್ಟು ಅಂತಲೂ ತೀರ್ಮಾನಿಸ್ಬೇಡಿ. ರೋಟಾವೈರಸ್, ಕಾಕ್ಸಿಡಿಯಾ ಅನ್ನೋ ಕರುಳಿನ ಪರಾವಲಂಬಿ, ಸಾಲ್ಮೊನೆಲ್ಲಾ, ಬರೀ ಇ. ಕೋಲೈ ಒಂದೇ ಕೂಡ ಕಾರಣ ಆಗ್ಬಹುದು. ಜ್ವರ ಇದ್ರೆ, ರಕ್ತ ಬಂದ್ರೆ, ಒಂದೇ ದಿನ ಎರಡು ಮೂರು ಸತ್ರೆ ಫೀಡ್ ಲೆಕ್ಕ ಎಲ್ಲಾ ಪಕ್ಕಕ್ಕಿಟ್ಟು ಮೊದಲು ವೆಟರ್ನರಿ ಡಾಕ್ಟರನ್ನ ಕರೀರಿ, ಸತ್ತ ಮರಿಯ ಪೋಸ್ಟ್‌ಮಾರ್ಟಂ ಮಾಡ್ಸಿ.

ಅನುಮಾನ ಬಂದಾಗ ನಾನು ಮಾಡೋ ಪರೀಕ್ಷೆ ಇದು. ಒಂದೇ ತರ ಇರೋ ಎರಡು ಅಂಕಣ ಆರಿಸ್ಕೊಳ್ಳಿ, ಒಂದಕ್ಕೆ ಇರೋ ಫೀಡೇ ಹಾಕಿ, ಇನ್ನೊಂದಕ್ಕೆ ಬೇರೆ ಕಾಳಿಂದ ಮಾಡಿದ, ನಂಬಿಕೆ ಇರೋ ಫೀಡ್ ಹಾಕಿ. ಡಾನ್ ಇದ್ರೆ ಹೊಸ ಫೀಡ್ ಹಾಕಿದ ಒಂದೆರಡು ದಿನದಲ್ಲೇ ತಿನ್ನೋದು ಜಾಸ್ತಿ ಆಗುತ್ತೆ, ಅಷ್ಟು ಬೇಗ ಕಾಣುತ್ತೆ. ಸಗಣಿ ಸರಿಯಾಗೋಕೆ ಇನ್ನೂ ಸ್ವಲ್ಪ ದಿನ ಬೇಕು, ಗೋಡೆ ಕಟ್ಟೋದು ಒಡೆಯೋದಕ್ಕಿಂತ ನಿಧಾನ.

ಸ್ಯಾಂಪಲ್ ತೆಗೆಯೋದು, ಟೆಸ್ಟ್ ಮಾಡ್ಸೋದು

ಇಲ್ಲಿ ಬಹಳ ಜನ ತಪ್ಪು ಮಾಡ್ತಾರೆ. ಮೂಟೆ ಬಾಯಿ ಬಿಚ್ಚಿ ಮೇಲಿಂದ ಒಂದು ಹಿಡಿ ತೆಗೆದು ಲ್ಯಾಬ್‌ಗೆ ಕಳಿಸ್ತಾರೆ, ಏನೂ ಇಲ್ಲ ಅಂತ ರಿಪೋರ್ಟ್ ಬರುತ್ತೆ, ನೆಮ್ಮದಿಯಾಗಿ ಅದೇ ಫೀಡ್ ಹಾಕ್ತಾರೆ. ವಿಷ ಎಲ್ಲಾ ಕಡೆ ಒಂದೇ ಸಮ ಹರಡಿರಲ್ಲ, ಒಂದು ಮೂಲೆಯಲ್ಲಿ ಕೆಲವೇ ಕಾಳಲ್ಲಿ ಭಾರಿ ಇರುತ್ತೆ, ಪಕ್ಕದಲ್ಲಿ ಏನೂ ಇರಲ್ಲ. ರಿಪೋರ್ಟ್ ತಪ್ಪಾಗೋದು ಲ್ಯಾಬ್ ಮಷೀನಿಂದ ಅಲ್ಲ, ಬಹುಪಾಲು ನಾವು ಸ್ಯಾಂಪಲ್ ತೆಗೆದ ರೀತಿಯಿಂದ.

ಹಾಗಾಗಿ ಕಾಳು ಸುರೀತಿರೋವಾಗ, ಅಂದ್ರೆ ಲಾರಿಯಿಂದ ಇಳಿಸೋವಾಗ್ಲೋ ಮಿಕ್ಸರ್‌ನಿಂದ ಬೀಳೋವಾಗ್ಲೋ, ಶುರುವಿಂದ ಕೊನೆವರೆಗೂ ಮಧ್ಯೆ ಮಧ್ಯೆ ಕೈ ಒಡ್ಡಿ ತೆಗೆಯೋದು ಎಲ್ಲಕ್ಕಿಂತ ಒಳ್ಳೇದು. ಅದು ಆಗಲ್ಲ ಅಂದ್ರೆ ಉದ್ದ ಚುಚ್ಚು ಕೊಳವೆ ಹಾಕಿ ಬೇರೆ ಬೇರೆ ಮೂಟೆ, ಬೇರೆ ಬೇರೆ ಆಳದಿಂದ ಹತ್ತಿಪ್ಪತ್ತು ಕಡೆ ತೆಗೀರಿ. ಎಲ್ಲಾ ಸೇರಿ ಎರಡು ಮೂರು ಕೆಜಿ ಆಗ್ಲಿ. ಪೂರ್ತಿ ಪುಡಿ ಮಾಡಿ, ಚೆನ್ನಾಗಿ ಕಲಸಿ, ಗುಂಡಗೆ ಹರಡಿ ನಾಲ್ಕು ಭಾಗ ಮಾಡಿ ಎದುರು ಬದುರು ಇರೋ ಎರಡು ಭಾಗ ಇಟ್ಕೊಂಡು ಉಳಿದದ್ದು ತೆಗೀರಿ, ಮತ್ತೆ ಕಲಸಿ ಮತ್ತೆ ಹಾಗೇ ಮಾಡಿ, ಕೊನೆಗೆ ಅರ್ಧ ಕೆಜಿ ಉಳಿಸ್ಕೊಳ್ಳಿ. ಅದನ್ನ ಪೇಪರ್ ಚೀಲದಲ್ಲಿ ಹಾಕಿ ಕಳಿಸಿ. ಹಸಿ ಇರೋದನ್ನ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಕಳಿಸಿದ್ರೆ ದಾರಿಯಲ್ಲೇ ಬೂಷ್ಟು ಬೆಳೀಬಹುದು.

ಪ್ರತಿ ಲೋಡಿಂದ ಒಂದು ಸ್ಯಾಂಪಲ್ ತಾರೀಖು ಬರೆದು ಒಣಗಿದ ತಂಪು ಜಾಗದಲ್ಲಿ ಎತ್ತಿಡಿ, ಮರಿಗಳು ಮಾರಾಟ ಆಗೋವರೆಗೂ ಇರ್ಲಿ. ಭೇದಿ ಬಂದಾಗ ಫೀಡರ್‌ನಲ್ಲಿ ಇರೋದು ಇವತ್ತಿನ ಫೀಡು, ತೊಂದರೆ ಮಾಡಿದ್ದು ಹೋದ ವಾರದ್ದು, ಅದು ಆಗ್ಲೇ ಖಾಲಿ ಆಗಿರುತ್ತೆ.

ಮೊದಲ ಸುತ್ತಿಗೆ ಸ್ಟ್ರಿಪ್ ಟೆಸ್ಟೋ, ಎಲೈಸಾ ಅನ್ನೋ ಕಿಟ್ ಟೆಸ್ಟೋ ಸಾಕು. ಹಲವಾರು ವಿಷ ಒಟ್ಟಿಗೆ ನೋಡ್ಬೇಕು ಅಂದ್ರೆ ದೊಡ್ಡ ಲ್ಯಾಬ್‌ಗಳಲ್ಲಿ ಮಾಡೋ ಎಲ್‌ಸಿ-ಎಂಎಸ್ ಟೆಸ್ಟ್ ಕೇಳಿ. ಕತ್ತಲಲ್ಲಿ ನೇರಳೆ ಲೈಟ್ ಹಾಕಿ ಮೆಕ್ಕೆಜೋಳ ಹಸಿರು ಹಳದಿ ಹೊಳೆದ್ರೆ ಅಫ್ಲಾಟಾಕ್ಸಿನ್ ಇದೆ ಅಂತಾರಲ್ಲ, ಆ ಹೊಳಪು ವಿಷದ್ದಲ್ಲ, ಅದೇ ಬೂಷ್ಟು ಬಿಡೋ ಬೇರೆ ಪದಾರ್ಥದ್ದು, ಹೊಳೆದ್ರೆ ಅನುಮಾನ ಪಡಿ, ಹೊಳೀಲಿಲ್ಲ ಅಂತ ಧೈರ್ಯ ತಗೋಬೇಡಿ. ಕಣ್ಣಿಗೆ ಬೂಷ್ಟು ಕಾಣ್ಸಲ್ಲ ಅಂದ್ರೂ ವಿಷ ಇರ್ಬಹುದು, ಬೂಷ್ಟು ಸತ್ತು ಹೋಗಿರುತ್ತೆ ವಿಷ ಉಳ್ಕೊಂಡಿರುತ್ತೆ.

ರಿಪೋರ್ಟ್ ಓದೋದು, ಲೆಕ್ಕ ಹಾಕೋದು

ಪಿಪಿಎಂ ಅಂದ್ರೆ ಒಂದು ಕೆಜಿ ಫೀಡಲ್ಲಿ ಒಂದು ಮಿಲಿಗ್ರಾಂ, ಪಿಪಿಬಿ ಅಂದ್ರೆ ಅದರ ಸಾವಿರ ಭಾಗದಲ್ಲಿ ಒಂದು ಭಾಗ. ಈ ಎರಡನ್ನ ಅದಲು ಬದಲು ಮಾಡ್ಕೊಂಡ್ರೆ ಲೆಕ್ಕ ಸಾವಿರ ಪಟ್ಟು ತಪ್ಪಾಗುತ್ತೆ, ಮೊದಲು ಅದನ್ನ ನೋಡಿ.

ಹೋಲಿಸೋಕೆ ಯುರೋಪಿಯನ್ ಯೂನಿಯನ್ ಹಂದಿ ಫೀಡಿಗೆ 2006ರಲ್ಲಿ ಕೊಟ್ಟ ಮಾರ್ಗದರ್ಶಿ ಮಟ್ಟಗಳು ಒಳ್ಳೆ ಅಳತೆಗೋಲು: ಡಾನ್ 0.9 ಪಿಪಿಎಂ, ಮರಿಗಳ ಫೀಡಲ್ಲಿ ಝಿಯರಲೆನೋನ್ 0.1 ಪಿಪಿಎಂ, ಆಕ್ರಾಟಾಕ್ಸಿನ್ 0.05 ಪಿಪಿಎಂ, ಫ್ಯುಮೋನಿಸಿನ್ ಬಿ1 ಬಿ2 ಎರಡೂ ಸೇರಿ 5 ಪಿಪಿಎಂ. ಅಫ್ಲಾಟಾಕ್ಸಿನ್ ಬಿ1ಗೆ ಅಲ್ಲಿ ಮಾರ್ಗದರ್ಶಿ ಅಲ್ಲ, ಕಾನೂನಿನ ಮಿತಿನೇ ಇದೆ, ಮರಿಗಳ ಫೀಡಲ್ಲಿ 5 ಪಿಪಿಬಿ. ಅಮೆರಿಕದಲ್ಲಿ ಚಿಕ್ಕ ಪ್ರಾಣಿಗಳಿಗೆ ಅಫ್ಲಾಟಾಕ್ಸಿನ್ 20 ಪಿಪಿಬಿವರೆಗೆ. ನಿಮ್ಮ ದೇಶದ ನಿಯಮ ಬೇರೆ ಇದ್ರೆ ಅದನ್ನೇ ಪಾಲಿಸಿ.

ಈ ಅಂಕಿಗಳು ಒಂದೊಂದು ವಿಷ ಒಂದೊಂದಾಗಿ ಇದ್ರೆ ಅನ್ನೋ ಲೆಕ್ಕದಲ್ಲಿ ಇರೋದು. ನಿಜವಾದ ಫೀಡಲ್ಲಿ ಎರಡು ಮೂರು ಒಟ್ಟಿಗೇ ಇರ್ತವೆ. ಹಾಗಾಗಿ ಹಾಲು ಬಿಟ್ಟ ಮೊದಲ ಎರಡು ಮೂರು ವಾರ ಈ ಮಟ್ಟದ ಅರ್ಧಕ್ಕಿಂತ ಕೆಳಗೆ ಇಟ್ಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಕಾನೂನು ಹೇಳಲ್ಲ, ನಾನು ಹೇಳ್ತಿದೀನಿ. ಆ ವಯಸ್ಸಲ್ಲಿ ಮರಿ ತಿನ್ನೋ ಫೀಡ್ ಎಷ್ಟು, ಒಟ್ಟು ಸಾಕಣೆಯಲ್ಲಿ ಚಿಕ್ಕ ಪಾಲು, ಅದಕ್ಕೆ ಅತ್ಯುತ್ತಮ ಕಾಳು ಬೇರೆ ಎತ್ತಿಡೋದು ದೊಡ್ಡ ಕಷ್ಟ ಅಲ್ಲ.

ಲೆಕ್ಕ ಹೇಗೆ ಅಂದ್ರೆ, ಫೀಡಲ್ಲಿ ಮೆಕ್ಕೆಜೋಳ ನೂರಕ್ಕೆ 55 ಭಾಗ, ಅದರಲ್ಲಿ ಡಾನ್ 1.2 ಪಿಪಿಎಂ ಅಂದ್ಕೊಳ್ಳಿ, 0.55 ಗುಣಿಸು 1.2, ಅಂದ್ರೆ 0.66. ಗೋಧಿ ಬೂಸಾ 10 ಭಾಗ, ಅದರಲ್ಲಿ 2 ಪಿಪಿಎಂ, ಅಲ್ಲಿಂದ 0.2. ಸೇರಿಸಿದ್ರೆ 0.86, 0.9ರ ಗೆರೆ ಹತ್ರ ಬಂದು ನಿಂತಿದೆ. ಬೂಸಾ ಇರೋದು ಹತ್ತೇ ಭಾಗ, ಆದ್ರೂ ಎಷ್ಟು ತಂದು ಹಾಕ್ತು ನೋಡಿ. ವಿಷ ಕಾಳಿನ ಹೊರಪದರ, ಒಡೆದ ಕಾಳು, ಧೂಳಲ್ಲೇ ಜಾಸ್ತಿ ಇರೋದು. ಹಾಗೇ ಮೆಕ್ಕೆಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯೋ ಡಿಡಿಜಿಎಸ್ ಅಂತ ಬರುತ್ತಲ್ಲ, ಪಿಷ್ಟ ಎಲ್ಲಾ ಹೋಗಿ ಉಳಿದದ್ದು ಗಟ್ಟಿ ಆಗೋದ್ರಿಂದ ಅದರಲ್ಲಿ ವಿಷ ಮೂಲ ಕಾಳಿಗಿಂತ ಸುಮಾರು ಮೂರು ಪಟ್ಟು ಆಗುತ್ತೆ. ಹೊಸದಾಗಿ ಹಾಲು ಬಿಟ್ಟ ಮರಿಗೆ ಅದನ್ನ ಹಾಕೋದೇ ಬೇಡ.

ಕೆಟ್ಟದ್ದನ್ನ ಒಳ್ಳೆದರ ಜೊತೆ ಬೆರೆಸಿ ತೆಳು ಮಾಡ್ಬಹುದಾ ಅಂತ ಕೇಳ್ತಾರೆ. ಡಾನ್ ಸ್ವಲ್ಪ ಇದ್ದು ದೊಡ್ಡ ಹಂದಿಗಳಿಗೆ ಆದ್ರೆ ಲೆಕ್ಕ ಹಾಕಿ ಮಾಡೋರಿದ್ದಾರೆ, ಮರಿಗಳಿಗೆ ಮಾತ್ರ ಮಾಡ್ಬೇಡಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ ಕಾಳನ್ನ ಹೀಗೆ ಬೆರೆಸೋದು ಯುರೋಪಲ್ಲಿ ಕಾನೂನು ಪ್ರಕಾರನೇ ತಪ್ಪು.

ಕಾಳು, ಫೀಡು ಇಡೋದು

ಡಾನ್, ಫ್ಯುಮೋನಿಸಿನ್ ಬಹುಪಾಲು ಹೊಲದಿಂದಲೇ ಬರೋದು, ಅಫ್ಲಾಟಾಕ್ಸಿನ್ ಆಕ್ರಾಟಾಕ್ಸಿನ್ ಗೋಡೌನಲ್ಲೂ ಬೆಳೆಯುತ್ತೆ. ಮೊದಲನೇದಕ್ಕೆ ನಮ್ಮ ಕೈಲಿ ಇರೋದು ಆರಿಸಿ ತಗೊಳ್ಳೋದು ಮತ್ತೆ ಜರಡಿ ಹಿಡಿಯೋದು, ಒಡೆದ ಕಾಳು, ಹಗುರ ಕಾಳು, ಧೂಳು ತೆಗೆದ್ರೆ ವಿಷ ಗಣನೀಯವಾಗಿ ಇಳಿಯುತ್ತೆ. ತೆಗೆದ ಧೂಳನ್ನ ಮತ್ತೆ ಬೇರೆ ಯಾವುದೋ ಫೀಡಿಗೆ ಸೇರಿಸ್ಬೇಡಿ.

ಗೋಡೌನಿಗೆ ಬಂದ್ರೆ ತೇವಾಂಶ ಒಂದೇ ವಿಷಯ. 13 ಪರ್ಸೆಂಟಿಗಿಂತ ಕಮ್ಮಿ ಇರೋ ಕಾಳು ಮಾತ್ರ ಒಳಗೆ ಹೋಗ್ಲಿ, ಮೀಟರ್ ಇಟ್ಕೊಳ್ಳಿ, ಹಲ್ಲಲ್ಲಿ ಕಡಿದು ನೋಡಿ ಅಂದಾಜು ಮಾಡೋದು ಸಾಲದು. ಮೂಟೆಗಳು ನೆಲಕ್ಕೂ ಗೋಡೆಗೂ ತಾಗದ ಹಾಗೆ ಹಲಗೆ ಮೇಲೆ ಇರ್ಲಿ. ಹಗಲು ಬಿಸಿಲು ರಾತ್ರಿ ತಂಪು ಇರೋ ಕಾಲದಲ್ಲಿ ತಗಡಿನ ಸೈಲೋ (ಕಾಳು, ಫೀಡು ತುಂಬಿಡೋ ಕಣಜ) ಒಳಮೇಲ್ಭಾಗದಲ್ಲಿ ನೀರು ಬೆವರಿ ತೊಟ್ಟಿಕ್ಕುತ್ತೆ, ಅಲ್ಲೊಂದು ಹೆಪ್ಪುಗಟ್ಟಿದ ಪದರ ಆಗುತ್ತೆ, ಅದು ಒಂದು ದಿನ ಕಳಚಿ ಫೀಡಿಗೆ ಬೀಳುತ್ತೆ. ಅದಕ್ಕೆ ಸೈಲೋ ಪೂರ್ತಿ ಖಾಲಿ ಮಾಡಿ ಕೆರೆದು ಒಣಗಿಸಿ ಆಮೇಲೇ ಹೊಸ ಲೋಡ್ ಹಾಕ್ಬೇಕು, ಹಳೇದರ ಮೇಲೆ ಹೊಸದು ಸುರಿಯೋ ಅಭ್ಯಾಸ ಬಿಡ್ಬೇಕು. ಹುಳ ಬಿದ್ರೆ ಅವು ಉಸಿರಾಡಿನೇ ತೇವ, ಶಾಖ ಎರಡೂ ಏರಿಸ್ತವೆ, ಹುಳದ ಹಿಂದೆಯೇ ಬೂಷ್ಟು. ಪುಡಿ ಮಾಡಿದ ಫೀಡು ಕಾಳಿಗಿಂತ ಬೇಗ ಕೆಡುತ್ತೆ, ಸೆಕೆ ಕಾಲದಲ್ಲಿ ಒಂದು ವಾರಕ್ಕೆ ಬೇಕಾಗೋಷ್ಟೇ ಮಾಡ್ಕೊಳ್ಳಿ.

ಫೀಡರ್ ಮರೆತುಬಿಡ್ತಾರೆ! ಮರಿಗಳು ನೀರು ಕುಡಿದ ಬಾಯಲ್ಲೇ ಬಂದು ತಿಂದು ಮೂಲೆಯಲ್ಲಿ ಒದ್ದೆ ಉಂಡೆ ಮಾಡಿರ್ತವೆ, ಎರಡು ದಿನ ಬಿಟ್ರೆ ಹಸಿರು ಬರುತ್ತೆ. ದಿನಾ ಕೆರೆದು ತೆಗೀರಿ. ತಾಯಿ ಹತ್ರ ಇರೋವಾಗ ಕೊಡೋ ಮರಿ ಫೀಡು ಸ್ವಲ್ಪ ಸ್ವಲ್ಪ ಹಾಕಿ, ಉಳಿದದ್ದು ಸಂಜೆ ತೆಗೀರಿ.

ಪ್ರೊಪಿಯಾನಿಕ್ ಆಸಿಡ್ ಹಾಕಿದ್ರೆ ಬೂಷ್ಟು ಬೆಳೆಯೋದು ತಡೆಯುತ್ತೆ, ನಿಜ. ಆಗ್ಲೇ ಇರೋ ವಿಷನ ಅದು ತೆಗೆಯಲ್ಲ. ಬಿಸಿ ಮಾಡಿ ಪೆಲೆಟ್ ಮಾಡಿದ್ರೂ ಹೋಗಲ್ಲ, ಡಾನ್ ಆ ಶಾಖಕ್ಕೆಲ್ಲ ಜಗ್ಗಲ್ಲ, ಹಾಗಾಗಿ ಪೆಲೆಟ್ ಫೀಡ್ ಅಂದ್ರೆ ಸೇಫ್ ಅಂತಲ್ಲ.

ಟಾಕ್ಸಿನ್ ಬೈಂಡರ್ ಬಗ್ಗೆ ನೇರವಾಗಿ

ಬೈಂಡರ್ ಅಂದ್ರೆ ಕರುಳಲ್ಲಿ ವಿಷನ ಹಿಡಿದಿಟ್ಕೊಳ್ಳಲಿ ಅಂತ ಫೀಡಿಗೆ ಬೆರೆಸೋ ಪದಾರ್ಥ. ಒಂದು ಪ್ಯಾಕೆಟ್ ಹಾಕಿದ್ರೆ ಎಲ್ಲಾ ವಿಷ ಹೋಗುತ್ತೆ ಅನ್ನೋರನ್ನ ನಂಬ್ಬೇಡಿ. ಬೆಂಟೋನೈಟ್ ತರದ ಜೇಡಿಮಣ್ಣಿನ ಬೈಂಡರ್ ಅಫ್ಲಾಟಾಕ್ಸಿನ್‌ಗೆ ಚೆನ್ನಾಗಿ ಕೆಲಸ ಮಾಡುತ್ತೆ, ಅದರ ಪದರಗಳ ಮಧ್ಯೆ ಅಫ್ಲಾಟಾಕ್ಸಿನ್ ಸರಿಯಾಗಿ ಹೋಗಿ ಕೂರುತ್ತೆ. ಡಾನ್‌ನ ಅದು ಹಿಡಿಯಲ್ಲ ಅಂತಲೇ ಅಂದ್ಕೊಳ್ಳಿ. ಮೆಕ್ಕೆಜೋಳದ ಡಾನ್‌ಗೆ ಜೇಡಿಮಣ್ಣು ಹಾಕ್ಕೊಂಡು ಕೂತ್ರೆ ದುಡ್ಡು ಖರ್ಚಾಗೋದು ಮಾತ್ರ. ಡಾನ್‌ಗೆ ಇರೋದು ಒಡೆಯೋ ದಾರಿ, ಹಸುವಿನ ಹೊಟ್ಟೆಯಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾನ ಒಣಗಿಸಿ ಫೀಡಲ್ಲಿ ಹಾಕೋದಕ್ಕೆ ಯುರೋಪಲ್ಲಿ ಹಂದಿಗಳಿಗೆ ಒಪ್ಪಿಗೆ ಇದೆ, ಹಸು ಮೊದಲ ಹೊಟ್ಟೆಯಲ್ಲಿ ನಡೆಯೋ ಕೆಲಸನ ಹಂದಿ ಕರುಳಿನ ಮೇಲ್ಭಾಗದಲ್ಲೇ ಮಾಡ್ಸೋದು ಅದರ ಉದ್ದೇಶ. ಫ್ಯುಮೋನಿಸಿನ್‌ನ ಒಡೆಯೋಕೆ ಎಸ್ಟರೇಸ್ ಅನ್ನೋ ಎಂಜೈಮ್ ಇದೆ. ಆಕ್ಟಿವೇಟೆಡ್ ಇದ್ದಿಲು ಬಹಳ ಹಿಡಿಯುತ್ತೆ, ಆದ್ರೆ ವಿಟಮಿನ್ನೂ ಹಿಡಿದುಬಿಡುತ್ತೆ, ದಿನಾ ಹಾಕೋದಲ್ಲ.

ಹಾಗಾಗಿ ಕ್ರಮ ಹೀಗಿರ್ಲಿ, ಮೊದಲು ಟೆಸ್ಟ್, ಯಾವ ವಿಷ ಅಂತ ಗೊತ್ತಾದ ಮೇಲೆ ಅದಕ್ಕೆ ತಕ್ಕ ಪದಾರ್ಥ.

ತೊಂದರೆ ಶುರುವಾಗೇಬಿಟ್ಟಿದ್ರೆ

ಫೀಡ್ ಬದಲಿಸಿ, ಅದೇ ದಿನ. ಸೈಲೋದಲ್ಲಿ ಇನ್ನೂ ಒಂದು ಟನ್ ಇದೆ ಮುಗಿಸ್ಬಿಡೋಣ ಅಂತ ಯೋಚ್ನೆ ಬರುತ್ತೆ, ನಂಗೂ ಬಂದಿತ್ತು, ಮುಗಿಸಿದೆ ಕೂಡ, ಆ ಬ್ಯಾಚಿನ ಮರಿಗಳು ಕೊನೆವರೆಗೂ ತೂಕ ಹಿಡೀಲಿಲ್ಲ. ಒಳ್ಳೆ ಕಾಳು ಸಿಗೋವರೆಗೆ ಇರೋದ್ರಲ್ಲಿ ಅತಿ ಚಿಕ್ಕ ಮರಿಗಳಿಗೆ ಮೊದಲು ಒಳ್ಳೇದು ಕೊಡಿ.

ನೀರು ಯಾವಾಗ್ಲೂ ಇರ್ಲಿ, ಜೊತೆಗೆ ಇನ್ನೊಂದು ತೊಟ್ಟಿಯಲ್ಲಿ ಎಲೆಕ್ಟ್ರೋಲೈಟ್ ಬೆರೆಸಿದ ನೀರು ಇಡಿ, ಭೇದಿಯಲ್ಲಿ ಮರಿ ಸಾಯೋದು ಬಹಳ ಸಲ ನೀರು ಉಪ್ಪು ಕಳ್ಕೊಂಡೇ. ಅಂಕಣ ಒಣಗಿರ್ಲಿ, ಬೆಚ್ಚಗಿರ್ಲಿ, ಚಳಿ ಹಿಡಿದ ಮರಿ ತಿನ್ನಲ್ಲ, ತಿನ್ನದ ಮರಿಯ ಕರುಳು ಇನ್ನೂ ಸವೆಯುತ್ತೆ. ಸ್ವಲ್ಪ ಸ್ವಲ್ಪ ಫೀಡು ದಿನಕ್ಕೆ ಐದಾರು ಸಲ, ಬೇಕಾದ್ರೆ ಬೆಚ್ಚಗಿನ ನೀರಲ್ಲಿ ಗಂಜಿ ತರ ಕಲಸಿ, ತಟ್ಟೆ ಪ್ರತಿ ಸಲ ತೊಳೆದು.

ಆಂಟಿಬಯೋಟಿಕ್ ಬೇಡ್ವೇ ಬೇಡ ಅಂತ ನಾನು ಹೇಳಲ್ಲ, ಮೈಗೆ ಸೋಂಕು ಏರಿದ ಮರಿ ಉಳಿಯೋಕೆ ಅದು ಬೇಕಾಗ್ಬಹುದು, ಡಾಕ್ಟರ್ ನೋಡಿ, ಸಗಣಿ ಕಲ್ಚರ್ ಮಾಡಿ (ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಿ) ಹೇಳ್ಲಿ. ಆದ್ರೆ ಎಲ್ಲಾ ಮರಿಗೂ ನೀರಲ್ಲಿ ಕಲಸಿ ಹಾಕೋದು, ಮುಂಜಾಗ್ರತೆ ಅಂತ ಹಾಕೋದು, ಇದರಿಂದ ವಿಷ ಹೋಗಲ್ಲ, ಉಳಿದಿದ್ದ ಒಳ್ಳೆ ಬ್ಯಾಕ್ಟೀರಿಯಾನೂ ಹೋಗ್ತವೆ. ಜಿಂಕ್ ಆಕ್ಸೈಡ್ ಜಾಸ್ತಿ ಡೋಸಲ್ಲಿ ಹಾಕಿ ಭೇದಿ ನಿಲ್ಲಿಸೋದು ಹಳೇ ಅಭ್ಯಾಸ, ಯುರೋಪಲ್ಲಿ 2022ರ ಜೂನಿಂದ ಅದು ಬ್ಯಾನ್, ಮಣ್ಣಲ್ಲಿ ಸೇರ್ಕೊಂಡು ಉಳಿಯುತ್ತೆ ಅಂತ.

ಬ್ಯಾಕ್ಟೀರಿಯಾ ಮತ್ತೆ ನೆಲೆ ನಿಲ್ಲೋಕೆ ಫೀಡಲ್ಲೇ ಮಾಡ್ಬಹುದಾದ್ದು ಇದೆ. ಪ್ರೋಟೀನ್ 17-18 ಪರ್ಸೆಂಟ್ ಆಸುಪಾಸು ಇಳಿಸಿ, ಲೈಸಿನ್ ಮೆಥಿಯೋನಿನ್ ತರದ ಅಮೈನೋ ಆಸಿಡ್ ಬೇರೆ ಸೇರಿಸಿ ಸರಿದೂಗಿಸಿ, ಆಗ ದೊಡ್ಡ ಕರುಳಲ್ಲಿ ಕೊಳೆಯೋ ಸರಕು ಕಮ್ಮಿ. ಸುಣ್ಣದ ಕಲ್ಲಿನ ಪುಡಿ ಕಮ್ಮಿ ಮಾಡಿ, ಅದು ಹೊಟ್ಟೆ ಆಸಿಡನ್ನ ತಿಂದುಹಾಕುತ್ತೆ. ಫಾರ್ಮಿಕ್, ಸಿಟ್ರಿಕ್ ತರದ ಆಸಿಡ್ ಸೇರಿಸಿದ್ರೆ ಹೊಟ್ಟೆ ಹುಳಿ ಉಳಿಯುತ್ತೆ. ಹಾಲಿನ ಸಕ್ಕರೆ ಇರೋ ವೇ ಪೌಡರ್ (ಹಾಲು ಒಡೆದಾಗ ಉಳಿಯೋ ನೀರಿನ ಪುಡಿ) ಲ್ಯಾಕ್ಟೋಬ್ಯಾಸಿಲಸ್‌ಗೆ ಊಟ. ಬೀಟ್ ಪಲ್ಪ್ (ಸಕ್ಕರೆ ತೆಗೆದ ಮೇಲೆ ಉಳಿಯೋ ಬೀಟ್ ಗೆಡ್ಡೆಯ ಚರಟ) ತರದ ಮೆತ್ತನೆ ನಾರು ಸ್ವಲ್ಪ ಇದ್ರೆ ಬ್ಯುಟಿರೇಟ್ ಮಾಡೋವು ಬೆಳೀತವೆ, ಅದನ್ನೂ ಬೂಷ್ಟಿಲ್ಲದ್ದು ನೋಡಿ ತನ್ನಿ. ಪ್ರೊಬಯೋಟಿಕ್, ಅಂದ್ರೆ ಜೀವಂತ ಒಳ್ಳೆ ಬ್ಯಾಕ್ಟೀರಿಯಾ, ಕೊಡೋದಾದ್ರೆ ಹಾಲು ಬಿಡಿಸೋಕೆ ಮುಂಚೆನೇ ಶುರು ಮಾಡಿ, ಬೆಂಕಿ ಹತ್ತಿದ ಮೇಲೆ ಕೊಟ್ರೆ ಉಪಯೋಗ ಕಮ್ಮಿ, ಫೀಡಲ್ಲಿ ವಿಷ ಹಾಗೇ ಇದ್ರೆ ಇನ್ನೂ ಕಮ್ಮಿ.

ತಾಯಿ ಹಂದಿ ಫೀಡು ಕೂಡ ನೋಡಿ. ಮರಿಗಳಿಗೆ ಬೇಡ ಅಂತ ತೆಗೆದದ್ದನ್ನ ತಾಯಿಗೆ ಹಾಕೋದು ಮಾಮೂಲಿ, ಅದು ತಪ್ಪು. ಮರಿಗೆ ಮೊದಲ ಬ್ಯಾಕ್ಟೀರಿಯಾ ಬರೋದೇ ತಾಯಿಯ ಸಗಣಿ, ಚರ್ಮ, ಮೊಲೆಯಿಂದ. ಅಫ್ಲಾಟಾಕ್ಸಿನ್ ಅಂತೂ ರೂಪ ಬದಲಿಸಿ ಹಾಲಿಗೇ ಬರುತ್ತೆ, ಝಿಯರಲೆನೋನೂ ಬರುತ್ತೆ. ಡಾನ್‌ನಿಂದ ತಾಯಿ ತಿನ್ನೋದು ಕಮ್ಮಿ ಮಾಡಿದ್ರೆ ಹಾಲು ಕಮ್ಮಿ, ಮರಿ ಹಾಲು ಬಿಡೋ ಹೊತ್ತಿಗೆ ತೂಕ ಕಮ್ಮಿ, ಹಗುರ ಮರಿ ಅಂದ್ರೆ ಭೇದಿಗೆ ಮೊದಲ ಸಾಲಲ್ಲಿ ನಿಂತಿರೋದು.

ತೆಗೆದು ಹಾಕಿದ ಬೂಷ್ಟು ಫೀಡನ್ನ ಬೇರೆ ಪ್ರಾಣಿಗೂ ಹಾಕ್ಬೇಡಿ, ಶೆಡ್ಡಿಂದ ದೂರ ಗುಂಡಿ ತೆಗೆದು ಮುಚ್ಚಿ. ಸೈಲೋ ಕೆರೆಯೋವಾಗ, ಧೂಳು ಜರಡಿ ಹಿಡಿಯೋವಾಗ ಒಳ್ಳೆ ಮಾಸ್ಕ್ ಹಾಕ್ಕೊಳ್ಳಿ, ಕೆಲಸದವರಿಗೂ ಕೊಡಿ, ಅಫ್ಲಾಟಾಕ್ಸಿನ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಸಾಬೀತಾಗಿರೋ ವಿಷ.

ಫೀಡ್ ಬದಲಿಸಿದ ದಿನ, ತಿನ್ನೋದು ಏರಿದ ದಿನ, ಸಗಣಿ ಗಟ್ಟಿಯಾದ ದಿನ, ಮೂರನ್ನೂ ಅದೇ ಪುಸ್ತಕದಲ್ಲಿ ಬರೀರಿ, ಹಾಲು ಬಿಡಿಸಿದ ಎರಡು ವಾರಕ್ಕೆ ಪ್ರತಿ ಅಂಕಣದ ಮರಿಗಳನ್ನ ಒಟ್ಟಿಗೆ ತೂಕ ಹಾಕಿ ಪಕ್ಕದಲ್ಲಿ ಬರೀರಿ, ಮುಂದಿನ ಲೋಡ್ ಕಾಳು ಬಂದಾಗ ಲಾರಿ ಇಳಿಸೋಕೆ ಬಿಡೋ ಮುಂಚೆ ಆ ಪುಟ ತೆಗೆದು ನೋಡಿ.